ಬೆನ್ನು ಮಾಡಿ ನಿಲ್ಲುವ ಆಟ

ಕಮಲಾಪುರದ ನಮ್ಮ ಮನೆಯಲ್ಲಿ ಪಡಸಾಲೆ ದಾಟುವುದಕ್ಕೆ ಒಂದು ಪದ್ಧತಿ ಇತ್ತು. ತಲೆಬಾಗಿಲ ಎಡಕ್ಕೆ, ಗೋಡೆಗೆ ಹತ್ತಿಸಿ ದೊಡ್ಡಪ್ಪನವರ ಹೊರಸು. ಅಪ್ಪನ ಅಣ್ಣ ಅವರು, ಮನೆಯ ಯಜಮಾನರು. ಪ್ರಾಯದಲ್ಲಿ ತಾಲೀಮಿನ ಮಣ್ಣು ಮೆತ್ತಿಕೊಂಡು ಕುಸ್ತಿ ಆಡಿದ ಮೈ, ವಯಸ್ಸಾದ ಮೇಲೂ ಕೂತರೆ ಹೊರಸು ತುಂಬುತ್ತಿತ್ತು. ಅವರು ಅಲ್ಲಿ ಕೂತಿರುವಾಗ ಮನೆಯ ಹೆಣ್ಣುಮಕ್ಕಳು ಯಾರೂ ಅವರಿಗೆ ಬೆನ್ನು ಮಾಡಿ ಹೋಗುವಂತಿರಲಿಲ್ಲ. ಎದುರು ಗೋಡೆಗೆ ಬೆನ್ನು ಹಚ್ಚಿ, ಮುಖ ಅವರ ಕಡೆಗಿಟ್ಟು, ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತ ಹೊಸ್ತಿಲು ಮುಟ್ಟಬೇಕು. ಸೊಂಟದ ಮೇಲೆ ನೀರಿನ ಕೊಡ ಇದ್ದರೂ ಅವ್ವ ಹಾಗೇ ಸರಿಯುತ್ತಿದ್ದಳು. ಆ ಗೋಡೆಯ ಸುಣ್ಣವೆಲ್ಲ ನಮ್ಮ ಬೆನ್ನಿಗೆ ಹತ್ತಿಕೊಂಡು ಹೋಗಿ, ಗೋಡೆಯ ನಡುವೆ ಒಂದು ಮಣ್ಣುಬಣ್ಣದ ಪಟ್ಟಿ ಬಿದ್ದಿತ್ತು. ಸಾಲಿಯಲ್ಲಿ ಟೀಚರು ನನ್ನ ಬೆನ್ನು ಝಾಡಿಸುತ್ತ, ಇವತ್ತು ನಿಮ್ಮ ದೊಡ್ಡಪ್ಪ ಮನ್ಯಾಗೇ ಅದಾರ ಅಂತ ಆತು, ಅನ್ನುತ್ತಿದ್ದರು.

ಇನ್ನೊಂದು ಪದ್ಧತಿ ಕಾಲಿನದು. ನಮ್ಮ ಕಾಲು ಯಾರ ಮೈಗೇ ಹತ್ತಲಿ, ಅಲ್ಲೇ ಬಗ್ಗಿ, ಹತ್ತಿದ ಜಾಗ ಮುಟ್ಟಿ, ಬೆರಳು ಕಣ್ಣಿಗೆ ಒತ್ತಿಕೊಂಡು ಶರಣು ಮಾಡಬೇಕು. ಹಿರಿಯರು ಕಿರಿಯರು ಎಂಬುದಿಲ್ಲ. ತೊಟ್ಟಿಲ ಕೂಸಿಗೂ ಶರಣು, ಪುಸ್ತಕಕ್ಕೂ ಶರಣು, ಮೊರಕ್ಕೂ ಶರಣು. ಇದನ್ನು ಯಾರೂ ಕೂರಿಸಿ ಕಲಿಸಿದ್ದಲ್ಲ. ಮಾತು ಬರುವ ಮೊದಲೇ ಕೈಗೆ ಬಂದುಬಿಟ್ಟಿತ್ತು. ನಾನು ನಿದ್ದೆಗಣ್ಣಿನಲ್ಲಿ ತಂಗಿಗೆ ಒದ್ದು, ನಿದ್ದೆಗಣ್ಣಿನಲ್ಲೇ ಅವಳಿಗೆ ಶರಣು ಮಾಡಿ, ಮತ್ತೆ ಗೊರಕೆ ಹೊಡೆಯುತ್ತಿದ್ದೆನೆಂದು ಅವ್ವ ಬಂದ ಬೀಗರಿಗೆಲ್ಲ ಹೇಳಿ ನಗುತ್ತಿದ್ದಳು.

ಊಟಕ್ಕೆ ಮೊದಲು ದೊಡ್ಡಪ್ಪ, ಅಪ್ಪ. ಆಮೇಲೆ ಗಂಡುಹುಡುಗರು. ಕಡೆಗೆ ನಾವು. ನಮ್ಮ ಸರದಿ ಬರುವಷ್ಟರಲ್ಲಿ ರೊಟ್ಟಿ ಆರಿ ಕಟಕ್ ಅನ್ನುತ್ತಿದ್ದವು. ನನಗೆ ಅದರ ಬಗ್ಗೆ ಸಿಟ್ಟೇನೂ ಇಲ್ಲ. ಕಟಕ್ ರೊಟ್ಟಿ ಮೇಲೆ ಮೊಸರು, ಶೇಂಗಾ ಹಿಂಡಿ ಇವತ್ತಿಗೂ ನನಗೆ ಬಿಸಿ ರೊಟ್ಟಿಗಿಂತ ರುಚಿ. ಕಡೆಯ ಪಾಲು ಉಂಡೂ ನಾನು ಮನೆಯ ಎಲ್ಲ ಮಕ್ಕಳಿಗಿಂತ ಎತ್ತರ ಬೆಳೆದೆ. ನಮ್ಮದು ಕೆಂಪು ಬಾಳೆಯ ತೋಟ. ದೊಡ್ಡಪ್ಪ ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿ, ಇದೇನು, ಗೊನಿ ಹಾಕೂದು ಬಿಟ್ಟು ಬರೇ ಮ್ಯಾಲ ಏರಾಕತ್ತದಲ್ಲ ಈ ಗಿಡ, ಅನ್ನುತ್ತಿದ್ದರು. ನಾನು ಗೋಣು ಬಗ್ಗಿಸಿ ಗಿಡ್ಡಗಾಗಲು ನೋಡುತ್ತಿದ್ದೆ.

ಹತ್ತನೆಯದು ಪಾಸಾದ ಮೇಲೆ ನಾನು ಗುಲಬರ್ಗಾಕ್ಕೆ ಬಂದೆ. ಬಸ್ಸಿನ ಬೋರ್ಡಿನ ಮೇಲೆ ಆಗಿನ್ನೂ ಗುಲಬರ್ಗಾ ಅಂತಲೇ ಇತ್ತು. ಬಂದದ್ದು ನನ್ನನ್ನು ಓದಿಸಬೇಕೆಂದು ಯಾರೋ ಕನಸು ಕಂಡಿದ್ದರಿಂದಲ್ಲ. ಅಲ್ಲಿನ ಖೂಬಾ ಪ್ಲಾಟ್ ಬಡಾವಣೆಯಲ್ಲಿದ್ದ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಮೊಣಕಾಲು ಹಿಡಿದಿದ್ದವು. ಮನೆಗೆಲಸಕ್ಕೊಂದು ಕೈ ಬೇಕಿತ್ತು. ಅಣ್ಣನ ಎದುರು ಬಾಯಿ ತೆರೆಯದ ನನ್ನ ಅಪ್ಪ ಆ ಒಂದು ಸಲ ತೆರೆದ. ಜಗು ಅಲ್ಲೇ ಇರ್ತಾಳ, ಕೆಲಸಾನೂ ಮಾಡ್ತಾಳ, ಕಾಲೇಜಿಗೂ ಹೋಗ್ತಾಳ, ಅಂದ. ಜಗು ಎಂದರೆ ಜಗದೇವಿ, ನಾನು. ದೊಡ್ಡಪ್ಪ ಹೂಂ ಅಂದರು. ಹಾಗೆ ಪಿಯುಸಿ ಮುಗಿಯಿತು, ಬಿ.ಎ. ಮೊದಲ ವರ್ಷವೂ ಶುರುವಾಯಿತು. ನಮ್ಮ ಮನೆತನದಲ್ಲಿ ಅಲ್ಲಿಯ ತನಕ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ, ಗಂಡಸರೂ ಕೂಡ.

ಆ ವರ್ಷ ಶ್ರಾವಣದಲ್ಲಿ ಅತ್ತೆಯ ಮಗನ ಲಗ್ನ ಗೊತ್ತಾಯಿತು. ಮನೆಗೆ ಸೊಸೆ ಬರುತ್ತಾಳೆ, ನಾನು ಮಲಗುತ್ತಿದ್ದ ಕೋಣೆ ಅವರಿಗೆ. ಕೆಲಸಕ್ಕೂ ಇನ್ನು ನಾನು ಬೇಕಿರಲಿಲ್ಲ. ದೊಡ್ಡಪ್ಪ ಹೇಳಿ ಕಳಿಸಿದರು, ದೀಪಾವಳಿ ಮುಗಿದ ಮೇಲೆ ಬಂದು ಕರೆದುಕೊಂಡು ಹೋಗುತ್ತೇವೆ ಅಂತ. ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತೇನೆಂದು ಅವ್ವನ ಮೂಲಕ ಕೇಳಿಸಿದೆ. ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರೂದರಾಗೇ ಹೊತ್ತು ಹೋಗ್ತದ, ಓದೂದು ಯಾವಾಗ, ಅಂದರಂತೆ. ಅಷ್ಟಕ್ಕೆ ಮಾತು ಮುಗಿದಿತ್ತು. ಕಾಲೇಜಿನ ಹಾಸ್ಟೆಲ್ ತುಂಬಿತ್ತು. ಉಳಿದಿದ್ದ ಒಂದೇ ದಾರಿ ಆಟದ ಹುಡುಗಿಯರಿಗೆ ಅಂತ ಬೇರೆ ತೆಗೆದಿಟ್ಟ ಕೋಣೆ. ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾದವರಿಗೆ ಅಲ್ಲಿ ಜಾಗ. ಆಯ್ಕೆ ದೀಪಾವಳಿ ಆದ ಮೇಲೆ. ತಂಡಕ್ಕೆ ಸೇರಿದರೆ ಓದು ಉಂಟು, ಇಲ್ಲದಿದ್ದರೆ ಊರು. ನಾನು ಆ ಚೆಂಡನ್ನು ಅಲ್ಲಿಯ ತನಕ ಕೈಯಲ್ಲಿ ಹಿಡಿದು ಕೂಡ ನೋಡಿರಲಿಲ್ಲ.

ಆಟ ಕಲಿಸುವ ಮೇಡಂ ಬೀದರ ಕಡೆಯವರು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು, ಬಾಯಲ್ಲಿ ಸದಾ ಲವಂಗ. ನನ್ನ ಎತ್ತರ ನೋಡಿ ಅವರ ಕಣ್ಣು ಅರಳಿತು, ನನ್ನ ಕೈಗೆ ಚೆಂಡು ಕೊಟ್ಟು ನೋಡಿ ಮುಚ್ಚಿತು. ನಾನು ಎಸೆದದ್ದು ಕಂಬದ ಮೇಲಿನ ಬುಟ್ಟಿಯ ಬಳೆಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಕಡೆಗೊಂದು ಸಂಜೆ ಅವರು ನನ್ನನ್ನು ಬದಿಗೆ ಕರೆದರು.

"ನೀ ಹಾಕೂದು ಬಿಡು. ಹಾಕೋರು ಬ್ಯಾರೆ ಅದಾರ. ತಪ್ಪಿದ ಬಾಲ್ ತಗೊಂಡು ಬಾ, ಅಷ್ಟೇ ನಿನ್ನ ಕೆಲಸ. ಅದಕ್ಕ ರೀಬೌಂಡ್ ಅಂತಾರ."

ನನಗೆ ಬಹಳ ಸಮಾಧಾನವಾಯಿತು. ಬಿದ್ದದ್ದನ್ನು ತಂದುಕೊಡುವುದು ನನಗೆ ಗೊತ್ತಿದ್ದ ಕೆಲಸವೇ. ಅವತ್ತೆಲ್ಲ ನಾನು ಗೆರೆ ದಾಟಿ ಹೋದ ಚೆಂಡುಗಳ ಹಿಂದೆ ಓಡಿದೆ. ಮೋರಿಗೆ ಬಿದ್ದದ್ದನ್ನು ತೊಳೆದು, ದುಪಟ್ಟಾದಿಂದ ಒರೆಸಿ, ಎರಡೂ ಕೈಯಿಂದ ಅವರವರಿಗೆ ಕೊಟ್ಟೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮೋಮಿನಪುರದ ನಸ್ರೀನ್ ತಂಡದ ಕ್ಯಾಪ್ಟನ್, ಗಿಡ್ಡ ಆಳು, ಚುರುಕು ನಾಲಿಗೆ. ಅವಳು ಸೊಂಟದ ಮೇಲೆ ಕೈ ಇಟ್ಟು ಕೇಳಿದಳು.

"ಅರೆ, ನೀ ಆಡಾಕ ಬಂದೀಯೋ, ನಮ್ಮ ಕೆಲಸದ ಬಾಯಿ ಆಗಾಕ ಬಂದೀಯೋ?"

ಮೇಡಂ ತಲೆ ಚಚ್ಚಿಕೊಂಡು ಮತ್ತೆ ಮೊದಲಿನಿಂದ ಹೇಳಿದರು. ಹಾಕಿದ ಚೆಂಡು ಬಳೆಗೆ ಬಡಿದು ಹೊರಗೆ ಸಿಡಿಯುತ್ತದಲ್ಲ, ಅದು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಹಿಡಿಯಬೇಕು. ಅದನ್ನೇ ಎದುರು ತಂಡದವಳೂ ಹಿಡಿಯಲು ಬರುತ್ತಾಳೆ. ಆದ್ದರಿಂದ ಚೆಂಡು ಬಳೆಯ ಕಡೆ ಹೊರಟ ಕೂಡಲೇ ಮೊದಲು ಹುಡುಕಬೇಕಾದದ್ದು ಚೆಂಡನ್ನಲ್ಲ, ಅವಳನ್ನು. ಹುಡುಕಿ, ಗರ್ರನೆ ತಿರುಗಿ, ಅವಳಿಗೆ ಬೆನ್ನು ಮಾಡಿ, ಮೊಣಕಾಲು ಬಗ್ಗಿಸಿ, ಅವಳ ಮೈಗೆ ಮೈ ಹಚ್ಚಿ ನಿಲ್ಲಬೇಕು. ಅವಳು ಹಿಂದೆ, ನೀನು ಮುಂದೆ. ಆಮೇಲೆ ಚೆಂಡು.

ಬೆನ್ನು ಮಾಡು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಮೈ ಸೆಟೆದುಕೊಂಡಿತು. ಚೆಂಡು ಮೇಲೇರುತ್ತಿತ್ತು, ನಾನು ಎದುರಾಳಿಯನ್ನು ಹುಡುಕುತ್ತಿದ್ದೆ, ಸಿಕ್ಕ ಮೇಲೆ ಅವಳ ಮುಖಕ್ಕೆ ಮುಖ ಮಾಡಿ, ನಮ್ಮ ಪಡಸಾಲೆಯಲ್ಲಿ ಸರಿದಂತೆ ಅಡ್ಡಡ್ಡ ಸರಿದು ಅವಳಿಗೆ ದಾರಿ ಬಿಡುತ್ತಿದ್ದೆ. ಅವಳು ಆರಾಮಾಗಿ ಹೋಗಿ ಚೆಂಡು ಹಿಡಿಯುತ್ತಿದ್ದಳು. ಹೀಗೇ ದಿನಗಳು ಹೋದವು. ಆಮೇಲೆ ಎದುರಿಗೊಂದು ಬೇರೆ ಕಾಲೇಜಿನ ತಂಡ ಕರೆಸಿ ಆಡಿಸಿದ ದಿನ, ಹೇಗೋ ಏನೋ, ಸಿಡಿದ ಚೆಂಡು ನೇರ ನನ್ನ ತಲೆಯ ಮೇಲೇ ಇಳಿಯುತ್ತಿತ್ತು. ಕೈ ಎತ್ತಿದ್ದರೆ ಸಾಕಿತ್ತು. ಅಷ್ಟರಲ್ಲಿ ನನ್ನ ಬೂಟು ಪಕ್ಕದಲ್ಲಿದ್ದ ಎದುರು ತಂಡದ ಹುಡುಗಿಯ ಕಾಲಿಗೆ ಹತ್ತಿತು. ನಾನು ಬಗ್ಗಿದೆ. ಅವಳ ಕಾಲು ಮುಟ್ಟಿ, ಬೆರಳು ಕಣ್ಣಿಗೆ ಒತ್ತಿಕೊಂಡೆ. ಚೆಂಡು ನನ್ನ ಬಗ್ಗಿದ ಬೆನ್ನಿಗೆ ಬಡಿದು ಪುಟಿದು ಅವಳ ಕೈಗೆ ಹೋಗಿ ಕೂತಿತು. ಪಾಪ, ಅವಳೂ ನಮ್ಮ ಸೀಮೆಯವಳೇ. ಚೆಂಡು ಹಿಡಿದುಕೊಂಡೇ, ಇರಲಿ ಬಿಡ್ರಿ ಅಕ್ಕಾ, ಅಂದಳು.

ಅಂಗಳವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ಕೋಣೆ, ಆ ಡಿಗ್ರಿ, ಎಲ್ಲ ಆ ಚೆಂಡಿನ ಜೊತೆಗೇ ಹೋಯಿತು ಅನ್ನಿಸಿತು. ಮೇಡಂ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಲವಂಗ ಜಗಿಯುತ್ತ, ಬಹಳ ಗಂಭೀರವಾಗಿ ಒಂದು ಮಾತು ಹೇಳಿದರು.

"ಶರಣು ಮಾಡಬ್ಯಾಡ ಅಂತ ನಾ ಅನ್ನೂದಿಲ್ಲ. ಒಂದೊಂದಕ್ಕ ಒಂದೊಂದು ಸಲ ಮಾಡಬ್ಯಾಡ. ಆಟ ಮುಗದ ಮ್ಯಾಲ ಎಲ್ಲಾರಿಗೂ ಕೂಡಿಸಿ ಒಂದೇ ಸಲ ಮಾಡು. ಹತ್ತಿದ್ದೆಲ್ಲಾ ಅದರಾಗ ಬಂತು."

ಆ ಮಾತು ನನ್ನನ್ನು ಬಿಡಿಸಿತು. ಪದ್ಧತಿ ಮುರಿಯಬೇಕಾಗಿರಲಿಲ್ಲ, ಮುಂದಕ್ಕೆ ಹಾಕಿದರೆ ಸಾಕಿತ್ತು. ನಸ್ರೀನ್ ತನ್ನ ಲೆಕ್ಕದಲ್ಲಿ ಸಮಾಧಾನ ಹೇಳಿದಳು. ನಮ್ಮ ಮನ್ಯಾಗೂ ದಾದೀಮಾ ಮುಂದ ಕಾಲು ಚಾಚಿದರ ಚಪ್ಪಲಿ ಹಾರಿ ಬರ್ತದ, ಆದರ ಬಾಸ್ಕೆಟಿನ ಕೆಳಗ ದಾದೀಮಾ ಎಲ್ಲಿ ಅದಾಳ ಹೇಳು, ಅಂದಳು. ಅವತ್ತಿನಿಂದ ಪ್ರತಿ ಆಟ ಮುಗಿದ ಮೇಲೆ ನಾನು ಅಂಗಳದ ನಡುವೆ ನೆಲ ಮುಟ್ಟಿ ಒಮ್ಮೆ ಶರಣು ಮಾಡುತ್ತಿದ್ದೆ. ನೋಡಿದವರು ಭಕ್ತಿ ಅಂದುಕೊಂಡರು.

ಆಮೇಲೆ ಮೇಡಂ ನನ್ನನ್ನು ಬಳೆಯ ಕೆಳಗೆ ಸುಮ್ಮನೆ ನಿಲ್ಲಿಸಿದರು. ಜಿಗಿಯುವಂತಿಲ್ಲ, ಹಿಡಿಯುವಂತಿಲ್ಲ. ನಸ್ರೀನ್ ಹಾಕುತ್ತ ಹೋಗುವುದು, ಚೆಂಡು ಅವಳ ಕೈ ಬಿಟ್ಟ ಕೂಡಲೇ ಅದು ಎಲ್ಲಿ ಬೀಳುತ್ತದೆಂದು ನಾನು ಬೆರಳು ಮಾಡಿ ತೋರಿಸುವುದು. ಮೊದಮೊದಲು ಎಲ್ಲವೂ ತಪ್ಪು. ಬರಬರುತ್ತ ಚೆಂಡು ತನ್ನ ದಾರಿಯನ್ನು ತಾನೇ ಹೇಳತೊಡಗಿತು. ಒಂದು ಮೂಲೆಯಿಂದ ಹಾಕಿದ್ದು ತಪ್ಪಿದರೆ ಹೆಚ್ಚಾಗಿ ಆಚೆ ಬದಿಗೆ ಬೀಳುತ್ತದೆ. ದೂರದಿಂದ ಹಾಕಿದ್ದು ದೂರಕ್ಕೇ ಸಿಡಿಯುತ್ತದೆ, ಹತ್ತಿರದ್ದು ಕಾಲಬುಡಕ್ಕೇ ಇಳಿಯುತ್ತದೆ. ಎತ್ತರ ಏರಿ ಬಂದದ್ದು ಮೆತ್ತಗೆ ಪುಟಿಯುತ್ತದೆ, ಮಟ್ಟಸವಾಗಿ ಬಂದದ್ದು ಸಿಟ್ಟಿನಿಂದ. ಬಳೆಯ ಸಪ್ಪಳದಲ್ಲೂ ವ್ಯತ್ಯಾಸ ಇತ್ತು. ಎಲ್ಲರೂ ಚೆಂಡು ಒಳಗೆ ಬೀಳಲಿ ಎಂದು ಕಾಯುತ್ತಿದ್ದ ಆ ಗಳಿಗೆಯಲ್ಲಿ ಅದು ಬೀಳುವುದಿಲ್ಲ ಎಂದೇ ಲೆಕ್ಕ ಹಿಡಿದು ಮುಂದಿನದಕ್ಕೆ ತಯಾರಾಗುವವಳು ನಾನೊಬ್ಬಳೇ. ಈ ಕೆಲಸ ನನಗೆ ಒಗ್ಗಿತು. ಎಷ್ಟೋ ದಿನದ ಮೇಲೆ ನಾನು ಗೋಣು ನೆಟ್ಟಗೆ ಮಾಡಿ ನಿಂತಿದ್ದೆ.

ಉಳಿದದ್ದು ಬೆನ್ನು. ಅದು ಬಂದದ್ದು ಊರಿನಲ್ಲಿ. ದೀಪಾವಳಿಗೆ ಮನೆಗೆ ಹೋಗಿದ್ದೆ. ಅಡಿಗೆಮನೆಯಲ್ಲಿ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಬಾಗಿಲಿಗೆ ಬೆನ್ನು ಮಾಡಿ. ಅವಳ ಬಲಕ್ಕೆ ದೊಡ್ಡಪ್ಪನವರಿಗೆಂದು ತುಪ್ಪ ಹಚ್ಚಿಟ್ಟ ಹೋಳಿಗೆಯ ಬುಟ್ಟಿ. ಅಣ್ಣಂದಿರ ಮಕ್ಕಳು ಹಿಂದಿನಿಂದ ಬುಟ್ಟಿಗೆ ಕೈ ಹಾಕಲು ನೋಡುತ್ತಿದ್ದವು. ಅವ್ವ ಒಮ್ಮೆಯೂ ತಿರುಗಿ ನೋಡಲಿಲ್ಲ. ಒಂದು ಬಲಕ್ಕೆ ಬಂದರೆ ಅವಳ ಮೊಣಕೈ ಬಲಕ್ಕೆ, ಇನ್ನೊಂದು ಎಡಕ್ಕೆ ನುಸುಳಿದರೆ ಮೊಣಕಾಲು ಎಡಕ್ಕೆ. ಕಣ್ಣು ಮಾತ್ರ ಹಂಚಿನ ಮೇಲೆ. ನಾನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಈ ಮನೆಯಲ್ಲಿ ಅವಳು ದಿನವಿಡೀ ಎಲ್ಲರಿಗೂ ಬೆನ್ನು ಮಾಡಿಯೇ ಕೂತಿರುತ್ತಾಳೆ, ಯಾರೂ ಅದನ್ನು ಅಪಮಾನ ಅಂದಿಲ್ಲ. ಆಟದಾಗೂ ಹಿಂಗೇ ಮಂದಿಗಿ ಬೆನ್ನು ಮಾಡಿ ನಿಂದ್ರಬೇಕವ್ವಾ, ಅಂದೆ. ಅವಳಿಗೆ ನನ್ನ ಮಾತು ಹಿಡಿಸಲಿಲ್ಲ. ಮಂದಿಗಿ ಬೆನ್ನು ಮಾಡೂದು ಒಂದು ಆಟ ಏನವ್ವಾ, ಹೋಗಿ ಕೊಬ್ಬರಿ ಹೆರಿ, ಅಂದಳು.

ಹಬ್ಬ ಮುಗಿಸಿ, ಗಂಟುಮೂಟೆ ತರುತ್ತೇನೆಂಬ ನೆವ ಹೇಳಿ ನಾನು ವಾಪಸು ಬಂದೆ. ಆಯ್ಕೆಯ ಆಟಕ್ಕೆ ಇನ್ನು ಎರಡೇ ದಿನ ಇತ್ತು. ಆಟದ ದಿನವೇ ದೊಡ್ಡಪ್ಪ, ಅಪ್ಪ ನನ್ನನ್ನು ಕರೆದೊಯ್ಯಲು ಬಂದರು. ಅತ್ತೆಯ ಮನೆಯಲ್ಲಿ ನಾನಿಲ್ಲದ್ದು ನೋಡಿ ಕೇಳುತ್ತ ಕೇಳುತ್ತ ಶರಣಬಸವೇಶ್ವರ ಗುಡಿಯ ಕಡೆಯಿಂದ ನಡೆದು ಕಾಲೇಜಿಗೇ ಬಂದುಬಿಟ್ಟರು. ಆಟ ಶುರುವಾಗಿತ್ತು. ಬಳೆಯ ಹಿಂದಿನ ಬೇವಿನ ಮರದ ಕೆಳಗೆ ಬಿಳಿ ಧೋತರ, ಬಿಳಿ ರುಮಾಲು, ಕೈಯಲ್ಲಿ ಕೋಲು. ಪಕ್ಕದಲ್ಲಿ ಅಪ್ಪ. ಚೆಂಡು ಮೇಲೇರಿತು. ನನ್ನ ಎದುರಾಳಿ ಬಳೆಯ ಕೆಳಗೇ ಇದ್ದಳು. ಅವಳನ್ನು ತಡೆಯಬೇಕೆಂದರೆ ತಿರುಗಬೇಕು, ತಿರುಗಿದರೆ ನನ್ನ ಬೆನ್ನು ನೇರ ದೊಡ್ಡಪ್ಪನವರಿಗೆ. ನಾನು ತಿರುಗಲಿಲ್ಲ. ಅವಳು ಹಿಡಿದಳು. ಮೇಡಂ ಸೀಟಿ ಕಚ್ಚಿಕೊಂಡು ನನ್ನನ್ನೇ ನೋಡಿದರು. ಮುಂದಿನ ಸಲ ಚೆಂಡು ನಸ್ರೀನಳ ಕೈ ಬಿಟ್ಟಾಗ ಅದು ಬೀಳುವುದಿಲ್ಲ, ಎಡಕ್ಕೆ ಸಿಡಿಯುತ್ತದೆ ಎಂದು ನನಗೆ ಕಂಡಿತು. ಅಷ್ಟು ಚೆನ್ನಾಗಿ ಕಂಡದ್ದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ತಿರುಗಿದೆ. ಬೆನ್ನಿಗೆ ಅವಳ ಮೈ ಹತ್ತಿತು, ಕಾಲು ಊರಿದೆ, ಜಿಗಿದೆ. ಚೆಂಡು ಎರಡೂ ಕೈಯಲ್ಲಿತ್ತು. ಆಮೇಲೆ ಎಷ್ಟು ಸಲ ತಿರುಗಿದೆನೋ ನಾನು ಎಣಿಸಲಿಲ್ಲ. ಮರದ ಕಡೆಗೂ ನೋಡಲಿಲ್ಲ.

ಆಟ ಮುಗಿದು ನೆಲ ಮುಟ್ಟಿ ಏಳುವಷ್ಟರಲ್ಲಿ ಮೇಡಂ, ನಿನ್ನ ತಗೊಂಡೀನಿ ತಂಡಕ್ಕ, ಹಾಸ್ಟೆಲಿಗಿ ಬಾ, ಅಂದರು. ಅದು ಅರ್ಧ ಗೆದ್ದಂತೆ. ಇನ್ನರ್ಧ ಬೇವಿನ ಮರದ ಕೆಳಗೆ ನಿಂತಿತ್ತು. ನಾನು ಹೋಗಿ ಕಾಲು ಮುಟ್ಟಿದೆ. ದೊಡ್ಡಪ್ಪನವರ ಮುಖ ಬಿಗಿದಿತ್ತು.

"ಆ ಹುಡುಗಿ ನಿಂಗ ಏನ್ ಮಾಡಿತ್ತು? ಬೆನ್ಲೆ ನೂಕಾಕತ್ತಿದ್ದೆಲ್ಲ."

"ನೂಕಿಲ್ಲರಿ ದೊಡ್ಡಪ್ಪ. ಜಾಗ ಬಿಟ್ಟಿಲ್ಲ."

"ಎರಡೂ ಒಂದೇ."

"ಒಂದಲ್ಲರಿ. ನೂಕಿದರ ಸೀಟಿ ಊದ್ತಾರ. ಜಾಗ ಬಿಡದಿದ್ದರ ಊದೂದಿಲ್ಲ."

ಅವರೆದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಅಪ್ಪ ನೆಲ ನೋಡುತ್ತಿದ್ದ. ಒಂದು ಸಲನೂ ಬುಟ್ಟಿಯೊಳಗೆ ಹಾಕಲಿಲ್ಲ, ನಿನ್ನ ಯಾಕೆ ತಗೊಂಡರು ಎಂದು ದೊಡ್ಡಪ್ಪ ಕೇಳಿದರು. ಹಾಕಿದ್ದೆಲ್ಲ ಬೀಳುವುದಿಲ್ಲ, ಬೀಳದೆ ಇದ್ದದ್ದು ಯಾರ ಕೈಗೆ ಸಿಗುತ್ತದೋ ಅವರಿಗೆ ಇನ್ನೊಮ್ಮೆ ಹಾಕಲು ಬರುತ್ತದೆ, ಅದನ್ನು ನಮ್ಮ ಕಡೆಗೆ ತರುವುದೇ ನನ್ನ ಕೆಲಸ ಎಂದೆ. ಹಾಗಾದರೆ ಜಿಗಿದು ಹಿಡಿದರೆ ಆಯಿತು, ಬೆನ್ನು ಯಾಕೆ ಅಂದರು. ತೋರಸ್ಲೇನರಿ, ಅಂದೆ. ಅಪ್ಪನನ್ನು ಹಿಂದೆ ನಿಲ್ಲಿಸಿಕೊಂಡು ತೋರಿಸುವ ಯೋಚನೆ ನನ್ನದು. ಆದರೆ ದೊಡ್ಡಪ್ಪ ಕೋಲನ್ನೂ ರುಮಾಲನ್ನೂ ಅಪ್ಪನ ಕೈಗೆ ಕೊಟ್ಟು, ಧೋತರದ ಚುಂಗು ಸಿಕ್ಕಿಸಿಕೊಂಡು, ತಾವೇ ಅಂಗಳಕ್ಕೆ ಇಳಿದರು.

ನಸ್ರೀನ್ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಅವಳು ಬೇಕೆಂದೇ ತಪ್ಪುವಂತೆ ಹಾಕಿದಳು. ನಾನು ದೊಡ್ಡಪ್ಪನವರಿಗೆ ಬೆನ್ನು ಮಾಡಿ ನಿಂತೆ. ಅವರು ಬಲಕ್ಕೆ ಬಂದರು, ನಾನು ಬಲಕ್ಕೆ ಊರಿದೆ. ಎಡಕ್ಕೆ ಭಾರ ಬಿಟ್ಟರು, ಎಡಕ್ಕೆ ಊರಿದೆ. ಹಳೆಯ ಕುಸ್ತಿಯ ಮೈ ಬೆನ್ನ ಮೇಲೆ ಗೋಡೆ ಬಿದ್ದಂತೆ ಬಿತ್ತು. ಕಿವಿಯ ಹತ್ತಿರವೇ ಅವರ ದನಿ ಕೇಳಿತು.

"ಕಾಲು ಅಗಲ ಇಡು. ಇನ್ನೂ. ಹಿಮ್ಮಡಿ ಮ್ಯಾಲ ನಿಂದ್ರಬ್ಯಾಡ, ಕೆಡವಿಬಿಡ್ತೀನಿ."

ಅಗಲ ಇಟ್ಟೆ. ಚೆಂಡು ಬಂತು, ಜಿಗಿದು ಹಿಡಿದೆ, ಇಳಿಯುವಾಗ ನನ್ನ ಬೂಟು ಅವರ ಕಾಲ ಮೇಲೆ ಬಿತ್ತು. ಕೈ ತಾನಾಗಿಯೇ ಕೆಳಗೆ ಹೊರಟಿತ್ತು. ದೊಡ್ಡಪ್ಪ ಗದರಿದರು.

"ಚೆಂಡು ಬಿಡಬ್ಯಾಡ. ಮೊದಲ ಅದನ್ನ ಎದಿಗಿ ಹಿಡಿ."

ಹಿಡಿದೆ. ಅವರು ಇನ್ನೊಮ್ಮೆ ಅಂದರು. ಮತ್ತೊಮ್ಮೆಯೂ ಅಂದರು. ಒಂದು ಸಲ ನನ್ನನ್ನು ದಾಟಿ ಹೋದರು, ಮುಂದಿನ ಎರಡು ಸಲ ಹೋಗಲಾಗಲಿಲ್ಲ. ಏದುಸಿರು ಬಿಡುತ್ತ ಗೆರೆಯ ಹೊರಗೆ ಕೂತು, ಹಣೆ ಒರೆಸಿಕೊಳ್ಳುತ್ತ, ಈ ಊರಾಗ ಹೆಣ್ಣುಮಕ್ಕಳಿಗಿ ತಾಲೀಮು ಇಟ್ಟಾರ, ನಮಗ ಯಾರೂ ಹೇಳಲಿಲ್ಲ, ಅಂದರು. ಆಮೇಲೆ ಮೇಡಂ ಕಡೆ ತಿರುಗಿ, ಕೋಣ್ಯಾಗ ಗಾಳಿ ಬೆಳಕು ಅದ ಏನ್ರೀ ಬಾಯಾರ, ಎಂದು ಕೇಳಿದರು. ಅದ ಎಂದು ಮೇಡಂ ಹೇಳಿದರು. ದೊಡ್ಡಪ್ಪ ಅಪ್ಪನ ಕೈಯಿಂದ ಕೋಲು ಇಸಿದುಕೊಂಡರು. ಅಪ್ಪನಿಗೆ ಹೇಳಿದರು.

"ಮಲ್ಲಪ್ಪಾ, ನಾಳೆ ಬೆಳಿಗ್ಗಿ ಬಸ್ಸಿಗಿ ಈಕಿ ಹಾಸಿಗಿ ತಂದು ಕೊಡು. ತೆಳ್ಳಂದು ಬ್ಯಾಡ, ದಪ್ಪ ಗಾದಿ ತಾ. ದಿನಾ ಬೀಳಾಕಿ ಅದಾಳ."

ಅಪ್ಪ ಮರುದಿನ ಗಾದಿಯನ್ನು ಸೋಲಾಪುರ ಚಾದರದಲ್ಲಿ ಸುತ್ತಿ, ಹಗ್ಗ ಬಿಗಿದು, ಬಸ್‌ಸ್ಟ್ಯಾಂಡಿನಿಂದ ಹೆಗಲ ಮೇಲೆ ಹೊತ್ತುಕೊಂಡೇ ಬಂದ. ಹಾಸ್ಟೆಲಿನ ಹುಡುಗಿಯರೆಲ್ಲ ನೋಡುತ್ತಿದ್ದರು. ಅದನ್ನು ತಾನೇ ಮಂಚದ ಮೇಲೆ ಹಾಸಿ, ಕೈಯಿಂದ ಒತ್ತಿ ನೋಡಿ, ಆತು ಹಂಗಾದ್ರ, ಅಂದು ಹೋದ. ಆ ಗಾದಿಯ ಮೇಲೆ ನಾನು ಬಿ.ಎ. ಮುಗಿಸಿದೆ, ನಮ್ಮ ಮನೆತನದ ಮೊದಲ ಡಿಗ್ರಿ. ಆದರೆ ಅವತ್ತು ನನಗೆ ಓದಿನ ನೆನಪೂ ಇರಲಿಲ್ಲ, ಆಟದ ನೆನಪೂ ಇರಲಿಲ್ಲ. ಶ್ರಾವಣದಿಂದ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಒಂದು ಗಳಿಗೆ ಎಂದು ಮಧ್ಯಾಹ್ನ ಅಡ್ಡಾದವಳು, ಸಂಜೆ ಪ್ರಾಕ್ಟೀಸಿಗೆ ಬರಲಿಲ್ಲವೆಂದು ನಸ್ರೀನ್ ಹುಡುಕಿಕೊಂಡು ಬಂದು ಕಾಲು ಹಿಡಿದು ಎಳೆಯುವ ತನಕ ಏಳಲೇ ಇಲ್ಲ.